ಸುಳ್ಳು ಹುಟ್ಟಿದ ಊರುಗಳು: ನ್ಯೂಯಾರ್ಕ್ ರಾಜ್ಯದಲ್ಲೊಂದು ಸುತ್ತು

ನ್ಯೂಯಾರ್ಕ್ ಕಡೆ ಹೋದೋರು ಲಿಬರ್ಟಿ ಪ್ರತಿಮೆ, ಟೈಮ್ಸ್ ಸ್ಕ್ವೇರ್, ಟೈಮ್ ಇದ್ರೆ ನಯಾಗರಾ ನೋಡ್ಕೊಂಡು ಬರ್ತಾರೆ. ನಂಗೆ ಬಹಳ ವರ್ಷದಿಂದ ಇದ್ದ ಆಸೆ ಬೇರೆ. ಪ್ರಪಂಚ ಪೂರ್ತಿ ಹಬ್ಬಿದ ಎಷ್ಟೊಂದು ದೆವ್ವದ ಕಥೆ, ವದಂತಿ, ಕಟ್ಟುಕಥೆಗಳು ಈ ಒಂದೇ ರಾಜ್ಯದಲ್ಲಿ ಹುಟ್ಟಿವೆ, ಅವು ಯಾವ ಬೀದೀಲಿ ಯಾವ ಹೊಲದಲ್ಲಿ ಶುರುವಾದ್ವು ಅಂತ ಕಣ್ಣಾರೆ ನೋಡಬೇಕು ಅಂತಿತ್ತು. ಇನ್ನೊಂದು ಪ್ರಶ್ನೆನೂ ಇತ್ತು. ಒಂದು ಸುಳ್ಳು ಸುಳ್ಳು ಅಂತ ಗೊತ್ತಾದ ಮೇಲೆ ಏನಾಗತ್ತೆ? ಜನ ಅದನ್ನ ಬಿಟ್ಟುಬಿಡ್ತಾರಾ? ನ್ಯೂಜೆರ್ಸಿಯಲ್ಲಿರೋ ಅಣ್ಣ ಅತ್ತಿಗೆ ಹತ್ರ ಹೇಳ್ದಾಗ ಅಣ್ಣ "ಇದೆಂಥ ಟ್ರಿಪ್ಪೇ ನಿಂದು" ಅಂದ, ಆದ್ರೂ ರಜ ಹಾಕಿ ಕಾರ್ ತೆಗ್ದ. ಅಕ್ಟೋಬರ್ ತಿಂಗಳು, ಎಲೆ ಬಣ್ಣ ತಿರುಗೋ ಸಮಯ.

ಮೊದಲನೇ ದಿನ: ಮ್ಯಾನ್‌ಹಟನ್

ಸಿಟಿ ಹಾಲ್ ಪಾರ್ಕ್ ಹತ್ರ ಇಳಿದು ನಸ್ಸಾ ಸ್ಟ್ರೀಟ್ ಕಡೆ ನಡೆದ್ವಿ. 1835ರಲ್ಲಿ 'ದಿ ಸನ್' ಅನ್ನೋ ಒಂದು ಪೆನ್ನಿಯ ಪೇಪರ್ ಈ ಬೀದಿಯಿಂದ ಬರ್ತಿತ್ತು. ಆಗಸ್ಟ್ 25ಕ್ಕೆ ಶುರುವಾಗಿ ಆರು ಕಂತುಗಳಲ್ಲಿ ಅದು ಚಂದ್ರನ ಮೇಲೆ ಜೀವಿಗಳಿವೆ ಅಂತ ಬರೀತು. ಬಾವಲಿ ರೆಕ್ಕೆ ಇರೋ ಮನುಷ್ಯರು, ಒಂಟಿ ಕೊಂಬಿನ ನೀಲಿ ಮೇಕೆ, ಎರಡು ಕಾಲಲ್ಲಿ ನಡೆಯೋ ಬೀವರ್. ಇದನ್ನೆಲ್ಲ ನೋಡಿದ್ದು ಜಾನ್ ಹರ್ಷೆಲ್ ಅನ್ನೋ ಖಗೋಳ ವಿಜ್ಞಾನಿ, ದಕ್ಷಿಣ ಆಫ್ರಿಕಾದಲ್ಲಿ, 24 ಅಡಿ ಅಗಲದ ಲೆನ್ಸ್ ಇರೋ ಟೆಲಿಸ್ಕೋಪಿಂದ ಅಂತ.

ಜನ ನಂಬಿದ್ದು ಯಾಕೆ ಅಂದ್ರೆ ಅದ್ರಲ್ಲಿ ಅರ್ಧ ನಿಜ ಇತ್ತು. ಹರ್ಷೆಲ್ ನಿಜವಾದ ಮನುಷ್ಯ, ಆಗ ನಿಜವಾಗ್ಲೂ ಕೇಪ್ ಆಫ್ ಗುಡ್ ಹೋಪ್‌ನಲ್ಲೇ ಆಕಾಶ ನೋಡ್ತಾ ಕೂತಿದ್ರು, ಅಷ್ಟು ದೂರದಿಂದ ಪತ್ರ ಬರೋಕೆ ತಿಂಗಳುಗಟ್ಟಲೆ ಬೇಕು, ಅಷ್ಟರೊಳಗೆ ಯಾರು ಕೇಳೋಕಾಗತ್ತೆ? ಬರೆದೋನು ರಿಚರ್ಡ್ ಆಡಮ್ಸ್ ಲಾಕ್ ಅಂತ ಅದೇ ಪೇಪರಿನೋನು, ಆಮೇಲೆ 1840ರಲ್ಲಿ ತಾನೇ ಬರೆದಿದ್ದು ಅಂತ ಒಪ್ಕೊಂಡ. ಪೇಪರಿಗೇನೂ ನಷ್ಟ ಆಗ್ಲಿಲ್ಲ, ಆ ದಿನಗಳಲ್ಲೇ ತನ್ನ ಪ್ರಸಾರ 19,360 ಅಂತ ಹೆಮ್ಮೆಯಿಂದ ಅಚ್ಚು ಹಾಕ್ಕೊಂಡಿತ್ತು. ಬಹಳ ವರ್ಷ ಆದ್ಮೇಲೆ ಅದೇ ಪೇಪರ್ ಬ್ರಾಡ್‌ವೇಯ 280ನೇ ನಂಬರ್ ಕಟ್ಟಡಕ್ಕೆ ಹೋಯ್ತು, ಆ ಕಟ್ಟಡದ ಮೂಲೆಯಲ್ಲಿ ಪೇಪರಿನ ಹೆಸರಿರೋ ಗಡಿಯಾರ ಇವತ್ತಿಗೂ ಇದೆ. ಅದರ ಕೆಳಗೆ ನಿಂತು ಅತ್ತಿಗೆಗೆ ಕಥೆ ಹೇಳ್ದೆ, ಅವ್ರು ಕೇಳಿದ ಮೊದಲ ಮಾತು "ಪೇಪರಿನೋರು ಕ್ಷಮೆ ಕೇಳಿದ್ರಾ?" ಅಂತ. ಇಲ್ಲ.

ಸಂಜೆ ಸಬ್‌ವೇಲಿ 8ನೇ ಅವೆನ್ಯೂ 14ನೇ ಬೀದಿ ಸ್ಟೇಷನ್ನಲ್ಲಿ ಇಳಿದ್ವಿ. ಅಲ್ಲಿ ಟಾಮ್ ಆಟರ್‌ನೆಸ್ ಮಾಡಿದ ಪುಟ್ಟ ಪುಟ್ಟ ಕಂಚಿನ ಬೊಂಬೆಗಳಿವೆ, ಅದರಲ್ಲಿ ಒಂದು ಮ್ಯಾನ್‌ಹೋಲಿಂದ ಎದ್ದು ಬರೋ ಮೊಸಳೆ. ನ್ಯೂಯಾರ್ಕಿನ ಚರಂಡೀಲಿ ಮೊಸಳೆ ಸಂಸಾರಗಳೇ ಇವೆ ಅನ್ನೋ ವದಂತಿ ಗೊತ್ತಲ್ಲ. ಸಂಸಾರ ಸುಳ್ಳು, ಅಲ್ಲಿಯ ಚಳಿಗೆ ಅವು ಬದುಕಿ ಮರಿ ಮಾಡೋಕಾಗಲ್ಲ. ಆದ್ರೆ ಒಂದು ಮೊಸಳೆ ನಿಜ. 1935ರ ಫೆಬ್ರವರೀಲಿ ಪೂರ್ವ 123ನೇ ಬೀದೀಲಿ ಹಿಮ ಎತ್ತಿ ಮ್ಯಾನ್‌ಹೋಲಿಗೆ ಹಾಕ್ತಿದ್ದ ಹುಡುಗ್ರಿಗೆ ಒಳಗೆ ಏನೋ ಅಲ್ಲಾಡಿದ್ದು ಕಾಣಿಸ್ತು, ಹಗ್ಗ ಹಾಕಿ ಎಳೆದ್ರೆ ಏಳೆಂಟು ಅಡಿ ಉದ್ದದ ಮೊಸಳೆ. ಪಾಪ, ಹೆದರಿ ಸಲಿಕೇಲಿ ಹೊಡೆದು ಕೊಂದುಬಿಟ್ರು. ಆ ಒಂದು ಪ್ರಾಣಿ ತೊಂಬತ್ತು ವರ್ಷದಿಂದ ಚರಂಡಿ ತುಂಬ ಮರಿ ಹಾಕ್ತಾನೇ ಇದೆ, ಜನರ ಬಾಯಲ್ಲಿ.

ಎರಡನೇ ದಿನ: ಕ್ಯೂ ಗಾರ್ಡನ್ಸ್

ಇವತ್ತು ದೆವ್ವ ಇಲ್ಲ. ಆದ್ರೆ ನಂಗೆ ಇಡೀ ಟ್ರಿಪ್ಪಲ್ಲಿ ಎಲ್ಲಕ್ಕಿಂತ ಮುಖ್ಯವಾದ ಜಾಗ ಇದು. ಪೆನ್ ಸ್ಟೇಷನ್ನಿಂದ ಲಾಂಗ್ ಐಲ್ಯಾಂಡ್ ರೈಲು ಹತ್ತಿ ಕ್ಯೂ ಗಾರ್ಡನ್ಸ್‌ನಲ್ಲಿ ಇಳಿದ್ರೆ ಪಕ್ಕದಲ್ಲೇ ಆಸ್ಟಿನ್ ಸ್ಟ್ರೀಟ್. ಎರಡು ಮಹಡಿಯ ಹಳೇ ಇಂಗ್ಲಿಷ್ ಶೈಲಿ ಕಟ್ಟಡ, ಕೆಳಗೆ ಅಂಗಡಿ ಮೇಲೆ ಮನೆ. ಶಾಂತವಾದ, ಮಧ್ಯಮ ವರ್ಗದವರ ಬೀದಿ.

1964ರ ಮಾರ್ಚ್ 13ರ ಬೆಳಗಿನ ಜಾವ ಮೂರು ಗಂಟೆ ದಾಟಿದ ಮೇಲೆ, 28 ವರ್ಷದ ಕಿಟ್ಟಿ ಜಿನೋವೀಸ್ ಕೆಲಸ ಮುಗಿಸ್ಕೊಂಡು ಇಲ್ಲಿ ಕಾರ್ ನಿಲ್ಸಿ ಮನೆಗೆ ನಡೀತಿದ್ದಾಗ ಒಬ್ಬ ಚಾಕು ಹಾಕ್ದ. ಎರಡು ವಾರ ಆದ್ಮೇಲೆ ನ್ಯೂಯಾರ್ಕ್ ಟೈಮ್ಸ್ ಮೊದಲ ಪುಟದಲ್ಲಿ ಬರೀತು: 38 ಜನ ಮರ್ಯಾದಸ್ಥ ನಾಗರಿಕರು ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಕಿಟಕಿಯಿಂದ ನೋಡ್ತಾ ನಿಂತಿದ್ರು, ದಾಳಿ ನಡೀತಿದ್ದಾಗ ಒಬ್ರೂ ಪೊಲೀಸರಿಗೆ ಫೋನ್ ಮಾಡ್ಲಿಲ್ಲ, ಕೊಲೆಗಾರ ಮೂರು ಸಲ ಬಂದು ಇರಿದ. ಈ 38 ಅನ್ನೋ ಸಂಖ್ಯೆ ಪ್ರಪಂಚ ಸುತ್ತಿತು. ಸೈಕಾಲಜಿ ಪುಸ್ತಕಗಳಿಗೆ ಹೋಯ್ತು, ನಾನು ಓದಿದ್ದೂ ಹಾಗೇನೇ, ನಗರದ ಜನಕ್ಕೆ ಕರುಳಿಲ್ಲ ಅನ್ನೋದಕ್ಕೆ ಉದಾಹರಣೆಯಾಗಿ.

ಬೀದೀಲಿ ನಿಂತು ನೋಡಿದ್ರೆ ಆ ಕಥೆ ನಿಲ್ಲಲ್ಲ. ಮೊದಲನೇ ದಾಳಿ ಆಗಿದ್ದು ಬೀದಿ ಬದೀಲಿ, ಅದೂ ಸ್ವಲ್ಪ ಹೊತ್ತು ಮಾತ್ರ. ಎದುರಿನ ದೊಡ್ಡ ಅಪಾರ್ಟ್‌ಮೆಂಟಿಂದ ಒಬ್ರು "ಆ ಹುಡುಗೀನ ಬಿಡೋ" ಅಂತ ಕೂಗಿದ್ರು, ಅವನು ಓಡಿಹೋದ. ಕಿಟ್ಟಿ ಎದ್ದು ಕಟ್ಟಡದ ಹಿಂಭಾಗಕ್ಕೆ ತೂರಾಡ್ತಾ ಹೋದ್ಲು, ಅಲ್ಲಿಗೆ ಮುಂದಿನ ಕಿಟಕಿಗಳಿಂದ ಏನೂ ಕಾಣಲ್ಲ. ಅವನು ವಾಪಸ್ ಬಂದು ಎರಡನೇ ಸಲ ದಾಳಿ ಮಾಡಿದ್ದು ಹಿಂದಿನ ಬಾಗಿಲ ಒಳಗೆ, ಮೆಟ್ಟಿಲ ಬುಡದಲ್ಲಿ. ಮಾರ್ಚ್ ಚಳಿ, ಕಿಟಕಿ ಮುಚ್ಚಿರತ್ತೆ, ಎಷ್ಟೋ ಜನಕ್ಕೆ ಕೇಳಿದ್ದು ಬರೀ ಒಂದು ಕಿರುಚಾಟ. ನಾನು ಆ ಬದಿಯಿಂದ ಈ ಬದಿಗೆ ಮೂರ್ನಾಲ್ಕು ಸಲ ನಡೆದು ನೋಡ್ದೆ, 38 ಜನ ಒಟ್ಟಿಗೆ ಪೂರ್ತಿ ನೋಡೋಕೆ ಸಾಧ್ಯನೇ ಇಲ್ಲ ಅಂತ ಕಾಲಿಗೇ ಗೊತ್ತಾಗತ್ತೆ.

ಹಾಗಂತ ಎಲ್ಲರೂ ಒಳ್ಳೆಯೋರು ಅಂತಲ್ಲ. ಒಬ್ಬ ತನ್ನ ಬಾಗಿಲು ತೆಗೆದು ನೋಡಿ ಮತ್ತೆ ಮುಚ್ಕೊಂಡ, ತನಗೆ ಇದರಲ್ಲಿ ಸಿಕ್ಕಿಹಾಕ್ಕೊಳ್ಳೋದು ಬೇಡ ಅಂತ ಆಮೇಲೆ ಹೇಳಿದ್ದೂ ಇದೆ. ಅದು ನಿಜ, ಅದಕ್ಕೆ ಸಮಜಾಯಿಷಿ ಇಲ್ಲ. ಆದ್ರೆ ಇನ್ನೊಂದು ನಿಜನೂ ಇದೆ. ಸೋಫಿಯಾ ಫರಾರ್ ಅನ್ನೋ ಪಕ್ಕದ ಮನೆ ಹೆಂಗಸು ವಿಷಯ ತಿಳಿದ ತಕ್ಷಣ, ಕೊಲೆಗಾರ ಇನ್ನೂ ಅಲ್ಲೇ ಇದಾನೋ ಇಲ್ವೋ ಗೊತ್ತಿಲ್ದೆ, ಕೆಳಗೆ ಓಡಿ ಬಂದು ಕಿಟ್ಟೀನ ತೊಡೆ ಮೇಲೆ ಮಲಗಿಸ್ಕೊಂಡು ಆಂಬುಲೆನ್ಸ್ ಬರೋವರ್ಗೂ ಹಿಡ್ಕೊಂಡೇ ಇದ್ರು. 38 ಅನ್ನೋ ಸಂಖ್ಯೆ ಗೊತ್ತಿರೋ ಎಷ್ಟು ಜನಕ್ಕೆ ಈ ಹೆಸರು ಗೊತ್ತು ಹೇಳಿ. ನಂಗೆ ಇದು ತಡ್ಕೊಳ್ಳೋಕಾಗಲ್ಲ. ಒಬ್ಬಳು ಒಂಟಿಯಾಗಿ ಸತ್ಲು ಅಂತ ಐವತ್ತು ವರ್ಷ ಪಾಠ ಮಾಡಿದ್ರು, ಅವಳು ಒಂಟಿಯಾಗಿರ್ಲಿಲ್ಲ.

2016ರಲ್ಲಿ ಕೊಲೆಗಾರ ಜೈಲಲ್ಲಿ ಸತ್ತಾಗ ಅದೇ ಟೈಮ್ಸ್ ಪತ್ರಿಕೆ ತನ್ನ 1964ರ ವರದೀಲಿ ಸಾಕ್ಷಿಗಳ ಸಂಖ್ಯೆನ ವಿಪರೀತ ಉಬ್ಬಿಸಿತ್ತು ಅಂತ ಬರೀತು. 52 ವರ್ಷ. ಅಷ್ಟರಲ್ಲಿ ಅಮೆರಿಕಕ್ಕೆ ಒಂದೇ ತುರ್ತು ನಂಬರ್ 911 ಬಂದಿತ್ತು, 1968ರಲ್ಲಿ, ಅದಕ್ಕೆ ಈ ಘಟನೆನೂ ಒಂದು ಕಾರಣ ಅಂತಾರೆ. ತಪ್ಪು ವರದಿಯಿಂದಾನೂ ಒಳ್ಳೇದು ಆಯ್ತಲ್ಲ ಅಂದ ಅಣ್ಣ. ಇರಬಹುದು, ಆದ್ರೂ ಆ ಬೀದಿ ಜನ ಅನುಭವಿಸಿದ ಹೆಸರು ಯಾರು ವಾಪಸ್ ತಗೋತಾರೆ?

ಮೂರನೇ ದಿನ: ಸ್ಟೇಟನ್ ಐಲ್ಯಾಂಡ್

ಫೆರ್ರಿ ಫ್ರೀ, ಇಪ್ಪತ್ತೈದು ನಿಮಿಷ, ದಾರೀಲಿ ಲಿಬರ್ಟಿ ಪ್ರತಿಮೆನೂ ಕಾಣತ್ತೆ, ಅತ್ತಿಗೆ ಫೋಟೋ ತಗೊಂಡ್ರು. ಅಲ್ಲಿಂದ ವಿಕ್ಟರಿ ಬುಲೆವಾರ್ಡ್ ಮೇಲೆ ಬಸ್ಸು.

ಈ ದ್ವೀಪದ ಮಕ್ಕಳಿಗೆಲ್ಲ ಗೊತ್ತಿದ್ದ ಒಂದು ಗುಮ್ಮ ಇತ್ತು, ಹೆಸರು ಕ್ರಾಪ್ಸಿ. ಹುಚ್ಚಾಸ್ಪತ್ರೆಯಿಂದ ತಪ್ಪಿಸ್ಕೊಂಡೋನು, ಕೈಗೆ ಕೊಕ್ಕೆ, ಕಾಡಲ್ಲಿ ಇರ್ತಾನೆ, ರಾತ್ರಿ ಹೊರಗೆ ಹೋದ ಮಕ್ಕಳನ್ನ ಎತ್ಕೊಂಡು ಹೋಗ್ತಾನೆ. ಬೇಸಿಗೆ ಕ್ಯಾಂಪಲ್ಲಿ ಬೆಂಕಿ ಸುತ್ತ ಕೂತು ದೊಡ್ಡ ಹುಡುಗ್ರು ಚಿಕ್ಕೋರಿಗೆ ಹೇಳೋ ಕಥೆ. ಬೇರೆ ಊರಲ್ಲೂ ಇಂಥ ಕಥೆ ಇರತ್ತೆ, ಆದ್ರೆ ಇಲ್ಲಿ ಕಾಡೊಳಗೆ ನಿಜವಾಗ್ಲೂ ಒಂದು ಸಂಸ್ಥೆ ಇತ್ತು, ವಿಲೋಬ್ರೂಕ್ ಸ್ಟೇಟ್ ಸ್ಕೂಲ್. 1947ರಿಂದ 1987ರ ತನಕ ನಡೀತು.

ಹೆಸರಿಗೆ ಸ್ಕೂಲ್. ಬುದ್ಧಿಮಾಂದ್ಯ ಮಕ್ಕಳನ್ನ ತಂದು ಬಿಡೋ ಜಾಗ. ನಾಲ್ಕು ಸಾವಿರ ಜನಕ್ಕೆ ಕಟ್ಟಿದ್ದು, 1965ರ ಹೊತ್ತಿಗೆ ಆರು ಸಾವಿರ ದಾಟಿತ್ತು. ಅದೇ ವರ್ಷ ಸೆನೆಟರ್ ರಾಬರ್ಟ್ ಕೆನಡಿ ಬಂದು ನೋಡಿ ಇದು ಹಾವಿನ ಗುಂಡಿ ಅಂದ್ರು. 1950ರ ದಶಕದಿಂದ ಹಲವು ವರ್ಷ ಅಲ್ಲಿನ ಮಕ್ಕಳಿಗೆ ಬೇಕಂತಲೇ ಹೆಪಟೈಟಿಸ್ ಸೋಂಕು ತಗಲಿಸಿ ಪ್ರಯೋಗ ಮಾಡಿದ್ರು, ವೈದ್ಯಕೀಯ ನೀತಿಯ ಪಾಠಗಳಲ್ಲಿ ಇವತ್ತಿಗೂ ಅದು ಬರತ್ತೆ. 1972ರಲ್ಲಿ ಹೆರಾಲ್ಡೊ ರಿವೇರಾ ಅನ್ನೋ ಟೀವಿ ವರದಿಗಾರ, ಅಲ್ಲಿನ ಒಬ್ಬ ಡಾಕ್ಟರ್ ಕೊಟ್ಟ ಕೀಲಿಯಿಂದ ಕ್ಯಾಮೆರಾ ಒಳಗೆ ತಗೊಂಡು ಹೋದ. ಬಟ್ಟೆ ಇಲ್ದೆ, ತಮ್ಮ ಹೇಸಿಗೇಲೇ ಬಿದ್ದಿರೋ ಮಕ್ಕಳು. ಇಡೀ ದೇಶ ನೋಡ್ತು. ತಂದೆತಾಯಿಗಳು ಕೋರ್ಟಿಗೆ ಹೋದ್ರು, 1975ರಲ್ಲಿ ಒಪ್ಪಂದ ಆಗಿ ನಿಧಾನವಾಗಿ ಜಾಗ ಖಾಲಿಯಾಯ್ತು.

ಆಮೇಲೆ 1987. ಡೌನ್ ಸಿಂಡ್ರೋಮ್ ಇದ್ದ 12 ವರ್ಷದ ಹುಡುಗಿ ಕಾಣೆಯಾದ್ಲು, ಊರೆಲ್ಲ ಹುಡುಕಿ ಒಂದು ತಿಂಗಳ ಮೇಲೆ ವಿಲೋಬ್ರೂಕ್ ಜಾಗದಲ್ಲೇ ದೇಹ ಸಿಕ್ತು. ಆಂಡ್ರೆ ರ‍್ಯಾಂಡ್ ಅನ್ನೋನು ಸಿಕ್ಕಿಬಿದ್ದ. ಹಿಂದೆ ಅದೇ ಸಂಸ್ಥೇಲಿ ಕೆಲಸ ಮಾಡ್ತಿದ್ದೋನು, ಆ ಕಾಡಲ್ಲಿ ಡೇರೆ ಹಾಕ್ಕೊಂಡು ಇರ್ತಿದ್ದೋನು. 1988ರಲ್ಲಿ ಅಪಹರಣಕ್ಕೆ ಶಿಕ್ಷೆ ಆಯ್ತು, ಕೊಲೆ ಬಗ್ಗೆ ಜ್ಯೂರಿಗೆ ಒಮ್ಮತ ಬರ್ಲಿಲ್ಲ. 2004ರಲ್ಲಿ, 1981ರಲ್ಲಿ ಕಾಣೆಯಾಗಿದ್ದ ಇನ್ನೊಂದು ಮಗುವಿನ ಅಪಹರಣಕ್ಕೆ ಮತ್ತೆ ಶಿಕ್ಷೆ. ಗುಮ್ಮನ ಕಥೆ ಕೇಳ್ಕೊಂಡು ಬೆಳೆದೋರು ಇವನೇ ಕ್ರಾಪ್ಸಿ ಅಂದ್ರು.

ಈಗ ಅಲ್ಲಿ ಕಾಲೇಜ್ ಆಫ್ ಸ್ಟೇಟನ್ ಐಲ್ಯಾಂಡ್ ಇದೆ. ಹುಡುಗ ಹುಡುಗೀರು ಬ್ಯಾಗ್ ಹಾಕ್ಕೊಂಡು ಓಡಾಡ್ತಿರ್ತಾರೆ. ಕ್ಯಾಂಪಸ್ಸಿನಲ್ಲಿ ವಿಲೋಬ್ರೂಕ್ ಮೈಲ್ ಅಂತ ನೆನಪಿನ ದಾರಿ ಮಾಡಿದಾರೆ, ಅಲ್ಲಲ್ಲಿ ಫಲಕ. ನಾವು ನಿಧಾನವಾಗಿ ನಡೆದ್ವಿ. ಕ್ರಾಪ್ಸಿ ಹುಡುಕ್ಕೊಂಡು ಟಾರ್ಚ್ ಹಿಡಿದು ರಾತ್ರಿ ಬರೋರು ಇವತ್ತಿಗೂ ಇದಾರಂತೆ. ನಂಗೆ ಅನ್ಸಿದ್ದು ಇಷ್ಟೇ, ಗುಮ್ಮನ ಕಥೇಲಿ ಒಳಗಿಂದ ತಪ್ಪಿಸ್ಕೊಂಡು ಬಂದೋನಿಗೆ ಹೊರಗಿನ ಮಕ್ಕಳು ಹೆದರ್ತಿದ್ರು, ನಿಜದಲ್ಲಿ ಹೆದರಬೇಕಾಗಿದ್ದ ಮಕ್ಕಳು ಸಾವಿರಗಟ್ಟಲೆ ಒಳಗಿದ್ರು, ಅವರ ಬಗ್ಗೆ ಯಾರೂ ಕಥೆ ಹೇಳ್ಲಿಲ್ಲ. ಆವತ್ತು ವಾಪಸ್ ಬರ್ತಾ ಫೆರ್ರಿಯಲ್ಲಿ ನಾವು ಮೂರೂ ಜನ ಜಾಸ್ತಿ ಮಾತಾಡ್ಲಿಲ್ಲ.

ನಾಲ್ಕನೇ ದಿನ: ಅಮಿಟಿವಿಲ್

ಮತ್ತೆ ಲಾಂಗ್ ಐಲ್ಯಾಂಡ್ ರೈಲು, ಬ್ಯಾಬಿಲಾನ್ ಲೈನು. ಅಣ್ಣ ಕಾಲೇಜಲ್ಲಿದ್ದಾಗ ಇದರ ಸಿನಿಮಾ ನೋಡಿ ವಾರ ನಿದ್ದೆ ಮಾಡಿರ್ಲಿಲ್ವಂತೆ, ಅದಕ್ಕೆ ಅವನಿಗೆ ಇವತ್ತು ಭಾರಿ ಉತ್ಸಾಹ.

1974ರ ನವೆಂಬರ್ 13ರಂದು ಇಲ್ಲಿ ಓಷನ್ ಅವೆನ್ಯೂ 112ನೇ ನಂಬರ್ ಮನೇಲಿ 23 ವರ್ಷದ ರೊನಾಲ್ಡ್ ಡಿಫಿಯೊ ಮಲಗಿದ್ದ ಅಪ್ಪ ಅಮ್ಮ, ಇಬ್ಬರು ತಂಗೀರು, ಇಬ್ಬರು ತಮ್ಮಂದಿರು, ಆರೂ ಜನನ್ನ ರೈಫಲಲ್ಲಿ ಕೊಂದ. ಇದು ಪೂರ್ತಿ ನಿಜ. ಒಂದು ವರ್ಷ ಆದ್ಮೇಲೆ ಲಟ್ಜ್ ಅನ್ನೋ ದಂಪತಿ 80,000 ಡಾಲರಿಗೆ ಆ ಮನೆ ತಗೊಂಡು, 28 ದಿನಕ್ಕೆ ಬಿಟ್ಟು ಓಡಿದ್ರು, ಗೋಡೆಯಿಂದ ಲೋಳೆ ಸೋರ್ತು, ನೊಣ ಮುತ್ತಿದ್ವು, ಹಿಮದ ಮೇಲೆ ಗೊರಸಿನ ಹೆಜ್ಜೆ ಇತ್ತು ಅಂದ್ರು. 1977ರಲ್ಲಿ ಪುಸ್ತಕ, 1979ರಲ್ಲಿ ಸಿನಿಮಾ.

ಆ ಹೆಜ್ಜೆ ಕಂಡ ದಿನ ಅಲ್ಲಿ ಹಿಮನೇ ಬಿದ್ದಿರ್ಲಿಲ್ಲ ಅಂತ ಹವಾಮಾನ ದಾಖಲೆ ಹೇಳತ್ತೆ. ಡಿಫಿಯೊ ಪರ ವಾದಿಸಿದ್ದ ವಕೀಲ ವಿಲಿಯಂ ವೆಬರ್ 1979ರಲ್ಲಿ ಬಾಯಿಬಿಟ್ಟ, ತಾನೂ ಲಟ್ಜ್ ದಂಪತಿನೂ ಕೂತು ವೈನ್ ಬಾಟಲಿ ಮೇಲೆ ಬಾಟಲಿ ಖಾಲಿ ಮಾಡ್ತಾ ಈ ಕಥೆ ಕಟ್ಟಿದ್ದು ಅಂತ. ಅದೇ ವರ್ಷ ಕೋರ್ಟಲ್ಲಿ ನ್ಯಾಯಾಧೀಶರೂ ಆ ಪುಸ್ತಕ ಬಹುಮಟ್ಟಿಗೆ ಕಲ್ಪನೆ ಅಂತ ಕಾಣತ್ತೆ ಅಂದ್ರು. ಲಟ್ಜ್ ದಂಪತಿ ಮಾತ್ರ ಕೊನೆವರ್ಗೂ ತಮ್ಮ ಮಾತು ಬಿಟ್ಕೊಡ್ಲಿಲ್ಲ. ಆಮೇಲೆ ಬಂದ ಮಾಲೀಕರಿಗೆ ದೆವ್ವದ ಕಾಟ ಇರ್ಲಿಲ್ಲ, ಇದ್ದಿದ್ದು ಜನರ ಕಾಟ. ರಾತ್ರಿ ಹೊತ್ತು ಬಂದು ಹುಲ್ಲಿನ ಮೇಲೆ ನಿಲ್ಲೋರು, ಬಾಗಿಲು ಬಡಿಯೋರು. ಕೊನೆಗೆ ಮನೆ ನಂಬರೇ ಬದಲಾಯ್ತು, ಕಣ್ಣಿನ ಥರ ಕಾಣ್ತಿದ್ದ ಅಟ್ಟದ ಕಿಟಕಿಗಳನ್ನೂ ತೆಗೆದು ಬೇರೆ ಹಾಕಿದ್ರು.

ಸ್ಟೇಷನ್ನಲ್ಲಿ ಇಳಿದ ಮೇಲೆ ನಾನು ಆ ಮನೆ ಮುಂದೆ ಬರಲ್ಲ ಅಂದೆ. ಅಣ್ಣಂಗೆ ಸಿಟ್ಟೇ ಬಂತು. "ಇಷ್ಟು ದೂರ ಬಂದು?" ಅಂದ. ಅಲ್ಲಿ ಈಗ್ಲೂ ಜನ ಸಂಸಾರ ಮಾಡ್ಕೊಂಡಿದಾರೆ, ಅವರೇನು ತಪ್ಪು ಮಾಡಿದಾರೆ ಅಂದೆ. ಅತ್ತಿಗೆ ನನ್ನ ಕಡೆ ನಿಂತ್ರು, "ಹೋಗ್ಲಿ ಬಿಡ್ರಿ, ನಮ್ಮನೆ ಮುಂದೆ ಹೀಗೆ ಬಂದು ಯಾರಾದ್ರೂ ಫೋಟೋ ತೆಗೆದ್ರೆ ನೀವು ಸುಮ್ನಿರ್ತೀರಾ" ಅಂತ. ಊರಲ್ಲಿ ಸುತ್ತಾಡಿ, ಕೊಲ್ಲಿ ದಡಕ್ಕೆ ಹೋಗಿ, ಊಟ ಮಾಡಿ ವಾಪಸ್ ಬಂದ್ವಿ. ಚೆಂದದ ಊರು. ಆರು ಜನ ಸತ್ತ ವಿಷಯಕ್ಕಿಂತ ಗೋಡೆ ಲೋಳೆ ವಿಷಯ ಜಗತ್ತಿಗೆ ಜಾಸ್ತಿ ನೆನಪಿರೋದು ಆ ಊರಿನ ತಪ್ಪಲ್ಲ.

ಐದನೇ ದಿನ: ಹಡ್ಸನ್ ದಾರಿ

ಕಾರಲ್ಲಿ ಉತ್ತರಕ್ಕೆ ಹೊರಟ್ವಿ, ಇವತ್ತು ಪೂರ್ತಿ ಡ್ರೈವಿಂಗ್. ದಾರೀಲಿ ಸ್ಲೀಪಿ ಹಾಲೋ ಅಂತ ಊರು, ತಲೆ ಇಲ್ಲದ ಕುದುರೆ ಸವಾರನ ಕಥೆಯದ್ದು. ವಾಷಿಂಗ್ಟನ್ ಅರ್ವಿಂಗ್ 1820ರಲ್ಲಿ ಬರೆದಿದ್ದು, ಸ್ವಾತಂತ್ರ್ಯ ಯುದ್ಧದಲ್ಲಿ ಗುಂಡಿಗೆ ತಲೆ ಹೋದ ಜರ್ಮನ್ ಸಿಪಾಯಿಯ ದೆವ್ವ. ಹಳೇ ಡಚ್ ಚರ್ಚು, ಪಕ್ಕದ ಸ್ಮಶಾನದಲ್ಲಿ ಅರ್ವಿಂಗ್ ಸಮಾಧಿ, ಎರಡೂ ನೋಡಿದ್ವಿ. ಇಲ್ಲಿ ನಂಗೆ ಹಿಡಿಸಿದ ವಿಷಯ ಏನಂದ್ರೆ ಈ ಊರಿನ ಹೆಸರು 1996ರ ತನಕ ನಾರ್ತ್ ಟ್ಯಾರಿಟೌನ್. ಆ ವರ್ಷ ಊರಿಗೆ ಅನ್ನ ಕೊಡ್ತಿದ್ದ ಜನರಲ್ ಮೋಟಾರ್ಸ್ ಕಾರ್ ಫ್ಯಾಕ್ಟರಿ ಮುಚ್ತು, ವರ್ಷದ ಕೊನೇಲಿ ಜನ ವೋಟ್ ಹಾಕಿ ಕಥೆಯ ಹೆಸರನ್ನೇ ಊರಿಗೆ ಇಟ್ಕೊಂಡ್ರು. ಇದರಲ್ಲಿ ಮೋಸ ಇಲ್ಲ. ಕಥೆ ಅಂತ ಗೊತ್ತಿದ್ದೇ ಸಾಕ್ಕೊಂಡಿದಾರೆ, ಅಕ್ಟೋಬರ್ ಆಗಿದ್ರಿಂದ ಬೀದಿ ತುಂಬ ಕುಂಬಳಕಾಯಿ, ಜನ, ಪಾರ್ಕಿಂಗ್ ಸಿಗಲ್ಲ. ರಾತ್ರಿ ಹೊತ್ತಿಗೆ ಕೂಪರ್ಸ್‌ಟೌನ್ ತಲುಪಿದ್ವಿ.

ಆರನೇ ದಿನ: ಕಲ್ಲಿನ ಮನುಷ್ಯ

ಕೂಪರ್ಸ್‌ಟೌನ್‌ನ ಫಾರ್ಮರ್ಸ್ ಮ್ಯೂಸಿಯಂ ಒಳಗೆ ಅವನು ಮಲಗಿದಾನೆ. ಕಾರ್ಡಿಫ್ ಜೈಂಟ್. ಹತ್ತಡಿ ನಾಲ್ಕೂವರೆ ಇಂಚು ಉದ್ದ, ಸುಮಾರು 3000 ಪೌಂಡ್ ತೂಕ, ಬಲಗೈ ಹೊಟ್ಟೆ ಮೇಲೆ, ನೋವಲ್ಲಿ ಕಾಲು ಸ್ವಲ್ಪ ತಿರುಚ್ಕೊಂಡಂಗೆ. ಸುಳ್ಳು ಅಂತ ಗೊತ್ತಿದ್ದೂ ಒಂದು ಕ್ಷಣ ಎದೆ ಝಲ್ ಅಂತು, ಸುಳ್ಳು ಹೇಳಲ್ಲ.

ಕಥೆ ಹೀಗೆ. ಬಿಂಗಮ್ಟನ್ ಊರಿನ ಜಾರ್ಜ್ ಹಲ್, ಹೊಗೆಸೊಪ್ಪು ವ್ಯಾಪಾರಿ, ದೇವರನ್ನ ನಂಬದೋನು. ಅಯೋವಾದಲ್ಲಿ ಒಬ್ಬ ಪಾದ್ರಿ ಜೊತೆ ವಾದ ಆಯ್ತು, ಹಿಂದೆ ಭೂಮಿ ಮೇಲೆ ದೈತ್ಯರಿದ್ರು ಅಂತ ಬೈಬಲ್ಲಲ್ಲಿರೋದು ಅಕ್ಷರಶಃ ನಿಜ ಅಂತ ಆ ಪಾದ್ರಿ. ಹಂಗಾದ್ರೆ ಇವರಿಗೊಂದು ದೈತ್ಯನ್ನ ಮಾಡೇ ಕೊಡ್ತೀನಿ ಅಂತ ಹಲ್ ಹೊರಟ. ಅಯೋವಾದ ಫೋರ್ಟ್ ಡಾಡ್ಜ್‌ನಲ್ಲಿ ಜಿಪ್ಸಮ್ ಬಂಡೆ ತೆಗೆಸಿದ, ಶಿಕಾಗೋದಲ್ಲಿ ಗುಟ್ಟಾಗಿ ಕೆತ್ತಿಸಿದ, ಚರ್ಮದ ರಂಧ್ರದ ಥರ ಕಾಣ್ಲಿ ಅಂತ ಸೂಜಿ ಜಡಿದ ಹಲಗೆಯಿಂದ ಮೈಯೆಲ್ಲ ಕುಟ್ಟಿಸಿದ, ಹಳೇದು ಅನ್ಸ್ಲಿ ಅಂತ ಆಸಿಡ್ ಹಾಕ್ದ. ರೈಲಲ್ಲಿ ತರಿಸಿ 1868ರ ನವೆಂಬರಲ್ಲಿ ಕಾರ್ಡಿಫ್ ಅನ್ನೋ ಹಳ್ಳೀಲಿ ತನ್ನ ನೆಂಟ ವಿಲಿಯಂ ನ್ಯೂವೆಲ್ ಹೊಲದಲ್ಲಿ ಹೂತ. ಒಂದು ವರ್ಷ ಸುಮ್ನಿದ್ದ, ಆ ತಾಳ್ಮೆ ನೋಡಿ. 1869ರ ಅಕ್ಟೋಬರ್ 16ಕ್ಕೆ ನ್ಯೂವೆಲ್ ಇಬ್ಬರು ಕೂಲಿಯೋರನ್ನ ಕರ್ಸಿ ಇಲ್ಲಿ ಬಾವಿ ತೋಡ್ರಪ್ಪಾ ಅಂದ. ಮೂರಡಿ ತೋಡಿದ್ರೆ ಕಾಲು ಸಿಕ್ತು.

ಡೇರೆ ಹಾಕಿ 25 ಸೆಂಟ್ ಟಿಕೆಟ್ ಇಟ್ರು, ಎರಡೇ ದಿನಕ್ಕೆ 50 ಮಾಡಿದ್ರು, ಆದ್ರೂ ಗಾಡಿ ಕಟ್ಕೊಂಡು ಬಂದ್ರು ಜನ. ಕಲ್ಲಾದ ಮನುಷ್ಯ ಅಂದೋರು ಕೆಲವ್ರು, ಇಲ್ಲ ಹಳೇ ಕಾಲದ ಮೂರ್ತಿ ಅಂದೋರು ಕೆಲವ್ರು, ಅವರಲ್ಲಿ ಓದಿದೋರೂ ಇದ್ರು. ಯೇಲ್ ವಿಶ್ವವಿದ್ಯಾಲಯದ ಪಳೆಯುಳಿಕೆ ವಿಜ್ಞಾನಿ ಮಾರ್ಷ್ ಬಂದು ನೋಡಿ ನೇರವಾಗಿ ಹೇಳಿದ್ರು, ಇದು ಜಿಪ್ಸಮ್, ಒದ್ದೆ ನೆಲದಲ್ಲಿ ಕರಗೋ ಕಲ್ಲು, ಶತಮಾನಗಟ್ಟಲೆ ಇಲ್ಲಿದ್ರೆ ಮೈ ಇಷ್ಟು ನುಣುಪಾಗಿ ಉಳೀತಿರ್ಲಿಲ್ಲ, ಉಳಿ ಗುರುತು ಇನ್ನೂ ಹೊಸದಿದೆ, ಬರೀ ಬೂಟಾಟಿಕೆ ಅಂತ. ಒಂದು ವರ್ಷದ ಹಿಂದೆ ದೊಡ್ಡ ಪೆಟ್ಟಿಗೆ ಹೊತ್ತ ಗಾಡಿ ಈ ದಾರೀಲಿ ಹೋಗಿದ್ದು ಸುತ್ತಮುತ್ತಲ ರೈತರಿಗೂ ನೆನಪಾಯ್ತು. ಡಿಸೆಂಬರಲ್ಲಿ ಹಲ್ ತಾನೇ ಒಪ್ಕೊಂಡ. ಅಷ್ಟೊತ್ತಿಗೆ ತನ್ನ ಪಾಲು ಮಾರಿ ದುಡ್ಡು ಮಾಡ್ಕೊಂಡಾಗಿತ್ತು.

ಈಗ ನನ್ನ ಪ್ರಶ್ನೆ. ಒಪ್ಕೊಂಡ ಮೇಲೆ? ಸರ್ಕಸ್ ಪ್ರಸಿದ್ಧಿಯ ಪಿ.ಟಿ. ಬಾರ್ನಮ್ 50,000 ಡಾಲರ್ ಕೊಡ್ತೀನಿ ಅಂದ್ರೂ ಮಾಲೀಕರು ಕೊಡ್ದೇ ಇದ್ದಾಗ ಅದರದ್ದೇ ಪ್ರತಿ ಮಾಡಿಸಿ ನ್ಯೂಯಾರ್ಕಲ್ಲಿಟ್ಟು ತನ್ನದೇ ಅಸಲಿ ಅಂದುಬಿಟ್ಟಿದ್ದ. ಸುಳ್ಳಿನ ಸುಳ್ಳು. ಕೋರ್ಟಿಗೆ ಹೋಯ್ತು, 1870ರ ಫೆಬ್ರವರೀಲಿ ಎರಡೂ ನಕಲಿ ಅಂತಾಯ್ತು, ಆದ್ರೂ ಪ್ರದರ್ಶನ ನಿಲ್ಲಲಿಲ್ಲ. ನೂರೈವತ್ತು ವರ್ಷ ದಾಟಿದ್ರೂ ನಾವೇ ದುಡ್ಡು ಕೊಟ್ಟು ಒಳಗೆ ಹೋಗಿದೀವಿ. ಆದ್ರೆ ಈ ಸುಳ್ಳಿನ ಮೇಲೆ ನಂಗೆ ಕೋಪ ಬರಲ್ಲ. ಇದರಲ್ಲಿ ಯಾರ ಮನೆನೂ ಮುರೀಲಿಲ್ಲ, ಯಾರ ಸಾವನ್ನೂ ಮಾರಾಟಕ್ಕಿಟ್ಟಿರ್ಲಿಲ್ಲ.

ಮಧ್ಯಾಹ್ನ ರೂಟ್ 20 ಹಿಡಿದು ಪಶ್ಚಿಮಕ್ಕೆ ಬಂದ್ವಿ, ಏರು ಇಳಿವು, ಎರಡೂ ಕಡೆ ಕೆಂಪು ಹಳದಿ ಗುಡ್ಡ, ಇಡೀ ಟ್ರಿಪ್ಪಿನ ಚೆಂದದ ರಸ್ತೆ ಇದೇ. ಕಾರ್ಡಿಫ್‌ನಲ್ಲಿ ಸರ್ಕಾರದ ಒಂದು ಫಲಕ ಬಿಟ್ರೆ ನೋಡೋಕೆ ಏನಿಲ್ಲ, ಹೊಲ ಅಷ್ಟೇ. ಐದು ನಿಮಿಷ ನಿಂತು ಹೊರಟ್ವಿ.

ಏಳನೇ ದಿನ: ಹೈಡ್ಸ್‌ವಿಲ್, ರಾಚೆಸ್ಟರ್

ನ್ಯೂಆರ್ಕ್ ಅಂತ ಚಿಕ್ಕ ಊರು, ನ್ಯೂಜೆರ್ಸಿಯದ್ದಲ್ಲ, ಅದರ ಪಕ್ಕ ಹೈಡ್ಸ್‌ವಿಲ್. ಒಂದು ಹಳೇ ಮನೆಯ ಕಲ್ಲಿನ ತಳಪಾಯ ಮಾತ್ರ ಉಳಿದಿದೆ, ಅದರ ಮೇಲೆ ಕಟ್ಟಡ ಕಟ್ಟಿ ಕಾಪಾಡಿದಾರೆ. ಸತ್ತೋರ ಜೊತೆ ಮಾತಾಡೋದು ಅನ್ನೋ ಇಡೀ ಅಮೆರಿಕದ ಚಳವಳಿ ಶುರುವಾಗಿದ್ದು ಈ ನಾಲ್ಕು ಗೋಡೆ ಮಧ್ಯೆ.

1848ರ ಮಾರ್ಚ್ 31ರ ರಾತ್ರಿ. ಫಾಕ್ಸ್ ಅನ್ನೋ ಬಡ ಸಂಸಾರ, 14 ವರ್ಷದ ಮ್ಯಾಗಿ, 11 ವರ್ಷದ ಕೇಟ್. ಕೆಲವು ದಿನದಿಂದ ರಾತ್ರಿ ಹೊತ್ತು ಟಕ್ ಟಕ್ ಸದ್ದು. ಆವತ್ತು ಕೇಟ್ ಚಿಟಿಕೆ ಹೊಡೆದು ನಾನು ಮಾಡಿದಂಗೆ ಮಾಡು ಅಂದ್ಲು, ಸದ್ದು ಅಷ್ಟೇ ಸಲ ಬಂತು. ಅಮ್ಮ ಹೆದರಿ ನನ್ನ ಮಕ್ಕಳ ವಯಸ್ಸು ಹೇಳು ಅಂತ ಕೇಳಿದ್ಲು. ಒಬ್ಬೊಬ್ಬರದ್ದೂ ಸರಿಯಾಗಿ ಬಡೀತು. ಕೊನೇಲಿ ಸ್ವಲ್ಪ ತಡೆದು, ಮತ್ತೆ ಮೂರು ಸಲ ಜೋರಾಗಿ. ಮೂರು ವರ್ಷಕ್ಕೆ ತೀರಿಹೋಗಿದ್ದ ಕೊನೇ ಮಗು. ಇದನ್ನ ಆ ತಾಯಿ ಆಮೇಲೆ ಹೇಳಿಕೆ ಕೊಟ್ಟು ಬರೆಸಿದಾಳೆ.

ಅಕ್ಕಪಕ್ಕದೋರು ಬಂದ್ರು, ಇದು ಈ ಮನೇಲಿ ಕೊಲೆಯಾಗಿ ನೆಲಮಾಳಿಗೇಲಿ ಹೂತಿರೋ ಒಬ್ಬ ತಿರುಗು ವ್ಯಾಪಾರಿಯ ಆತ್ಮ ಅಂತಾಯ್ತು, ಅಗೆದ್ರು. ರಾಚೆಸ್ಟರಲ್ಲಿದ್ದ ದೊಡ್ಡಕ್ಕ ಲಿಯಾ ತಂಗೀರನ್ನ ಅಲ್ಲಿಗೆ ಕರ್ಕೊಂಡು ಹೋದ್ಲು, 1849ರ ನವೆಂಬರ್ 14ಕ್ಕೆ ಕೊರಿಂಥಿಯನ್ ಹಾಲಲ್ಲಿ ಟಿಕೆಟ್ ಇಟ್ಟು ಪ್ರದರ್ಶನ. 1851ರಲ್ಲಿ ಬಫಲೋ ಊರಿನ ಮೂವರು ಡಾಕ್ಟರುಗಳು ಇದು ಕೀಲಿನ ಸದ್ದು ಅಂತ ಬರೆದ್ರೂ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಆ ಕಾಲದಲ್ಲಿ ಮಗು ಸಾಯದ ಮನೆ ಅಪರೂಪ, ಆಮೇಲೆ ಒಳಯುದ್ಧದಲ್ಲಿ ಆರು ಲಕ್ಷಕ್ಕೂ ಮೇಲೆ ಜನ ಹೋದ್ರು, ಎಷ್ಟೋ ಮನೆಗೆ ದೇಹನೂ ಬರ್ಲಿಲ್ಲ. ಟಕ್ ಅನ್ನೋ ಒಂದು ಸದ್ದಿಗೆ ಕಿವಿಗೊಟ್ಟು ಕೂತೋರು ದಡ್ಡರು ಅಂತ ನಾನು ಹೇಳಲಾರೆ.

1888ರ ಅಕ್ಟೋಬರ್ 21. ನಾವು ಮೊದಲ ದಿನ ಕಂಚಿನ ಮೊಸಳೆ ನೋಡಿದ ಅದೇ 14ನೇ ಬೀದೀಲಿ, ಪೂರ್ವದ ಕಡೆ ಆಗ ಅಕಾಡೆಮಿ ಆಫ್ ಮ್ಯೂಸಿಕ್ ಇತ್ತು. ತುಂಬಿದ ಸಭೆ ಮುಂದೆ ಮ್ಯಾಗಿ ಬಂದು ಎಲ್ಲಾ ಸುಳ್ಳು ಅಂದ್ಲು. ಶೂ ಬಿಚ್ಚಿ, ಸಣ್ಣ ಮರದ ಸ್ಟೂಲ್ ಮೇಲೆ ಪಾದ ಇಟ್ಟು, ಕಾಲ್ಬೆರಳಿನ ಕೀಲಿಂದ ಸದ್ದು ಮಾಡಿ ತೋರ್ಸಿದ್ಲು, ಅದು ಇಡೀ ಹಾಲಿಗೆ ಕೇಳ್ತು. ಮೇಲಿನ ಬಾಕ್ಸಲ್ಲಿ ಕೇಟ್ ಕೂತಿದ್ಲು. ಶುರುವಲ್ಲಿ ಸೇಬಿಗೆ ದಾರ ಕಟ್ಟಿ ನೆಲಕ್ಕೆ ಬಡಿದು ಅಮ್ಮನ್ನ ಹೆದರಿಸ್ತಿದ್ದಿದ್ದು, ಮಕ್ಕಳಾಟ, ಆಮೇಲೆ ನಿಲ್ಲಿಸೋಕೆ ಆಗ್ಲೇ ಇಲ್ಲ ಅಂತ ಮ್ಯಾಗಿ ಹೇಳ್ಕೊಂಡ್ಲು. ನಲವತ್ತು ವರ್ಷ. ಅಕ್ಕ ತಂಗೀರಿಬ್ಬರೂ ಅಷ್ಟೊತ್ತಿಗೆ ಕುಡಿತಕ್ಕೆ ಬಿದ್ದಿದ್ರು.

ನಂಬಿದೋರು ಈ ತಪ್ಪೊಪ್ಪಿಗೆನೇ ಸುಳ್ಳು, ಬಡತನಕ್ಕೆ ಹೇಳಿದ್ದು ಅಂದ್ರು. ಮಾರನೇ ವರ್ಷ ಮ್ಯಾಗಿನೂ ತನ್ನ ಮಾತು ವಾಪಸ್ ತಗೊಂಡ್ಲು. 1892ರಲ್ಲಿ ಕೇಟ್, 1893ರಲ್ಲಿ ಮ್ಯಾಗಿ, ಇಬ್ಬರೂ ಕಷ್ಟದಲ್ಲೇ ಹೋದ್ರು. 1904ರಲ್ಲಿ ಇದೇ ತಳಪಾಯದ ಒಂದು ಗೋಡೆ ಕುಸಿದಾಗ ಮೂಳೆ ಸಿಕ್ತು, ನೋಡಿ ವ್ಯಾಪಾರಿ ಅಂತ ಪತ್ರಿಕೆಗಳು ಬರೆದ್ವು, ಆಮೇಲೆ ನೋಡಿದ ಡಾಕ್ಟರೊಬ್ಬರು ಅದರಲ್ಲಿ ಕೋಳಿ ಮೂಳೆನೂ ಇದೆ ಅಂದ್ರು. 1916ರಲ್ಲಿ ಮನೇನೇ ಕಿತ್ತು ಲಿಲಿ ಡೇಲ್ ಅನ್ನೋ ಆತ್ಮವಾದಿಗಳ ಊರಿಗೆ ಸಾಗಿಸಿದ್ರು, 1955ರಲ್ಲಿ ಅಲ್ಲಿ ಸುಟ್ಟುಹೋಯ್ತು.

ಸಂಜೆ ರಾಚೆಸ್ಟರ್. ಕೊರಿಂಥಿಯನ್ ಹಾಲ್ ಈಗಿಲ್ಲ. ಅದೇ ಹಾಲಲ್ಲಿ, ಫಾಕ್ಸ್ ಹುಡುಗೀರ ಪ್ರದರ್ಶನ ಆಗಿ ಮೂರು ವರ್ಷ ತುಂಬೋ ಮೊದಲೇ, 1852ರ ಜುಲೈ 5ಕ್ಕೆ, ತಾನೇ ಗುಲಾಮಗಿರಿಯಿಂದ ತಪ್ಪಿಸ್ಕೊಂಡು ಬಂದು ಅದರ ವಿರುದ್ಧ ಹೋರಾಡಿದ ಫ್ರೆಡ್ರಿಕ್ ಡಗ್ಲಸ್, ಗುಲಾಮರಿಗೆ ನಿಮ್ಮ ಸ್ವಾತಂತ್ರ್ಯ ದಿನದಿಂದ ಏನು ಬಂತು ಅಂತ ಕೇಳಿದ ಪ್ರಸಿದ್ಧ ಭಾಷಣ ಮಾಡಿದ್ದು. ಮೌಂಟ್ ಹೋಪ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ, ಹೋಗಿ ನಮಸ್ಕಾರ ಮಾಡಿದ್ವಿ. ಫಾಕ್ಸ್ ಹುಡುಗೀರನ್ನ ಮೊದಲು ಮನೆಗೆ ಸೇರಿಸಿ ನಂಬಿದ ಏಮಿ ಮತ್ತು ಐಸಾಕ್ ಪೋಸ್ಟ್ ದಂಪತಿ ಇದೇ ಡಗ್ಲಸ್ ಸ್ನೇಹಿತರು, ಓಡಿ ಬಂದ ಗುಲಾಮರನ್ನ ತಮ್ಮ ಮನೇಲಿ ಬಚ್ಚಿಟ್ಟು ಕಾಪಾಡಿದೋರು. ಅಂಥ ಧೈರ್ಯಸ್ಥರು, ಅಂಥ ಒಳ್ಳೆಯೋರು.

ಕಾರಲ್ಲಿ ಅತ್ತಿಗೆ ತುಂಬ ಹೊತ್ತು ಸುಮ್ನಿದ್ದು ಕೇಳಿದ್ರು, "ಆ ಅಮ್ಮಂಗೆ ಗೊತ್ತಾಯ್ತಾ? ಮೂರು ಸಲ ಬಡಿದಿದ್ದು ತನ್ನ ಹುಡುಗೀರೇ ಅಂತ?" ಇಲ್ಲ ಅತ್ತಿಗೆ, ಆಕೆ 1865ರಲ್ಲೇ ತೀರ್ಕೊಂಡ್ರು, ಮ್ಯಾಗಿ ಒಪ್ಕೊಂಡಿದ್ದು 23 ವರ್ಷ ಆದ್ಮೇಲೆ ಅಂದೆ.

ಮಾರನೇ ದಿನ ಲಿಲಿ ಡೇಲ್ ನೋಡೋ ಪ್ಲಾನ್ ಇತ್ತು, ಇನ್ನೂ ಎರಡು ಎರಡೂವರೆ ಗಂಟೆ ದಾರಿ. ಬೇಸಿಗೇಲಿ ಅಲ್ಲಿ ಮೀಡಿಯಮ್‌ಗಳು, ಅಂದ್ರೆ ಸತ್ತೋರ ಜೊತೆ ಮಾತಾಡ್ತೀವಿ ಅನ್ನೋರು, ಕೂರ್ತಾರೆ, ಈ ಸೀಸನ್ನಲ್ಲಿ ಗಲಾಟೆ ಇರಲ್ಲ. ಅತ್ತಿಗೆ ಬೇಡ ಅಂದ್ರು. ಅಲ್ಲಿಗೆ ಹೋಗೋರೆಲ್ಲ ಯಾರನ್ನೋ ಕಳ್ಕೊಂಡವರು, ಅವರನ್ನ ನೋಡೋಕೆ ಅಂತ ಹೋಗಿ ನಿಲ್ಲೋದು ನಂಗಾಗಲ್ಲ ಅಂದ್ರು. ಈ ಸಲ ಅಣ್ಣ ಏನೂ ವಾದ ಮಾಡ್ಲಿಲ್ಲ, ಬೆಳಿಗ್ಗೆ ಬೇಗ ಎದ್ದು ಜೆರ್ಸಿ ಕಡೆ ಕಾರ್ ತಿರುಗಿಸ್ದ.